ಜೇನುನೊಣ ಹೊತ್ತು ತಂದ ಮೂರು ಕಣ

ಮಾರ್ಚ್ ೧೨, ಮಂಗಳವಾರ

ಆ ಮುಳ್ಳುಮುಳ್ಳಾದ ಪರಾಗದ ಕಣ ಇನ್ನೂ ತಲೆಯಿಂದ ಇಳಿದಿಲ್ಲ. ಹೊಲಗಳ ನಡುವೆ ಉಳಿದಿರುವ ಚೂರು ಕಾಡಿನ ಒಂದು ಮರದ ಹೂವಿನಲ್ಲಿ ನುಣುಪಾದ ಕಣ ನೂರಾರು, ಮುಳ್ಳಿನವು ಮೂರು ಕಂಡಿದ್ದೆ. ಒಂದೇ ಮರದಲ್ಲಿ ಎರಡು ಆಕಾರ! ಉಬ್ಬಿಹೋಗಿ ಪ್ರಬಂಧದ ತಲೆಬರಹವನ್ನೂ ಬರೆದಿಟ್ಟಿದ್ದೆ.

ಇಪ್ಪತ್ತು ವರ್ಷದಿಂದ ನಮ್ಮ ಲ್ಯಾಬಿನಲ್ಲಿ ಸ್ಲೈಡ್ ಮಾಡುವ ಅಕ್ಕ ಇವತ್ತು ಕೈ ಒರೆಸಿಕೊಂಡು ಬಂದು ನನ್ನ ಸೂಕ್ಷ್ಮದರ್ಶಕದಲ್ಲಿ ಇಣುಕಿದರು.

"ಇದು ಈ ಮರದ್ದಲ್ಲ ಕಣಮ್ಮ. ಯಾವ್ದೋ ಜೇನುನೊಣ ಕಾಲಿಗೆ ಮೆತ್ಕೊಂಡು ಬಂದಿದೆ. ಅರಳಿದ ಹೂವು ತಂದ್ಯಾ?"

ಹುಳ್ಳಗೆ ನಕ್ಕೆ. ಬೇರೆ ಹೂವಿನ ಪರಾಗ ಸೇರದಂತೆ ಮೊಗ್ಗನ್ನೇ ತರಬೇಕೆಂದು ಹೇಳಿಕೊಟ್ಟವರೇ ಅವರು.

ಅಕ್ಕ ಹಳೆಯ ಪೆಟ್ಟಿಗೆಗೆ ಕೈಹಾಕಿ, ಹುಡುಕದೆಯೇ ಒಂದು ಸ್ಲೈಡ್ ತೆಗೆದರು. ಅದೇ ಮುಳ್ಳು! ಒಂದು ಕಾಡುಬಳ್ಳಿಯದು. ಆ ಕಾಡಿನಿಂದ ಅಳಿದೇಹೋಯಿತೆಂದು ಹೋದ ವರ್ಷ ನಾನೇ ಪಟ್ಟಿಯಲ್ಲಿ ಗೀಟು ಎಳೆದ ಬಳ್ಳಿ.

"ಹಾಗಾದ್ರೆ ಅಲ್ಲೇ ಎಲ್ಲೋ ಇನ್ನೂ ಹೂ ಬಿಡ್ತಿದೆ" ಎಂದು ಗಾಜು ತೊಳೆಯಲು ಹೋದರು. ಎಂಥ ಕಣ್ಣು ಈ ಹೆಂಗಸಿನದು!

ಪ್ರಬಂಧ ಹೋದರೆ ಹೋಗಲಿ. ನಾಳೆ ಬಳ್ಳಿ ಹುಡುಕಲು ಹೋಗಬೇಕು, ಅಕ್ಕನ ಜೊತೆಗೆ. ಆ ಕಾಡಿನ ಒಂದೊಂದು ಹೂವನ್ನೂ ಬಲ್ಲ ಅವರು ಅಲ್ಲಿಗೆ ಒಮ್ಮೆಯೂ ಕಾಲಿಟ್ಟಿಲ್ಲ. ನಾವು ಯಾರೂ ಕರೆದೇ ಇಲ್ಲ.