ಮುಂಗೈ ಮೇಲಿನ ಮಾವ

ಗೋಕಾಕ
೧೮ ನವೆಂಬರ್ ೨೦೨೪

ಅವ್ವ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಾಗೇ ಓದು. ಫೋನಿನಲ್ಲಾದರೆ ನೀನು ಅಳುತ್ತೀ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಕಣಗಲಾ ಊರಿನ ಗಂಡಿನ ಕಡೆಯವರು ಮುಂದಿನ ತಿಂಗಳು ನನ್ನನ್ನು ನೋಡಲು ಬರುತ್ತಾರೆ, ಅಷ್ಟರೊಳಗೆ ಮುಂಗೈ ಮೇಲಿನ ಹಚ್ಚೆ ಅಳಿಸಿಕೋ ಎಂದೆಯಲ್ಲ, ಹಾಕಿಸಿದವರು ಯಾರು? ನನಗಾಗ ಒಂಬತ್ತು ವರ್ಷ. ಕಲ್ಲೋಳಿಯ ನಮ್ಮ ಅಂಗಳದಲ್ಲಿ ಹಚ್ಚೆಯವಳು ಸೂಜಿ ಚುಚ್ಚುವಾಗ ನನ್ನ ಕೈ ಒತ್ತಿ ಹಿಡಿದವಳು ನೀನು. "ಸುಮ್ಮನ ಕುಂದರ, ನಿನ್ನ ಗಂಡ ಆಗಾಂವನ ಹೆಸರೈತಿ" ಎಂದು ಬಾಯಿಗೆ ಬೆಲ್ಲ ಇಟ್ಟೆ. ಆ ದುಂಡೇಶ ಮಾವ, ನಿನ್ನ ಮುದ್ದಿನ ತಮ್ಮ, ಹೋದ ವರ್ಷ ಜೊತೆಗೆ ಕೆಲಸ ಮಾಡುವವಳನ್ನು ಮದುವೆಯಾದ. ಅವನ ಕೈ ಸ್ವಚ್ಛವಾಗಿತ್ತು. ಮೂರು ಅಕ್ಷರ ಹೊತ್ತು ತಿರುಗುವವಳು ನಾನು.

ನೀನು ಹೇಳಿದ ಹುಕ್ಕೇರಿಯ ಪಾರ್ಲರಿಗೂ ಹೋದೆ. "ಒಂದ ಸಲಕ್ಕ ಹೋಗತೈತ್ರಿ" ಎಂದರು. ಯಾವ ಲೇಸರ್ ಎಂದರೆ ಅವರಿಗೇ ಗೊತ್ತಿಲ್ಲ. ಅಲ್ಲಿ ಜಗಳಕ್ಕೆ ಬಂದಿದ್ದ ಹೆಂಗಸೊಬ್ಬಳು ತನ್ನ ಕೈ ತೋರಿಸಿದಳು. ಹಚ್ಚೆಯ ಹಸಿರು ಹೋಗಿತ್ತು, ಆದರೆ ಅಳಿಸಲು ಹೋದ ಹೆಸರನ್ನೇ ಸುಟ್ಟ ಬಿಳಿ ಕಲೆಯಲ್ಲಿ ಓದಬಹುದಿತ್ತು.

ಗೋಕಾಕದ ಚರ್ಮದ ಡಾಕ್ಟರ ಹತ್ತಿರ ಇರುವುದು ಹಳೆಯ ಕ್ಯೂ-ಸ್ವಿಚ್ ಲೇಸರ್. ಎಂಟು ಹತ್ತು ಸಲ ಹೋಗಬೇಕು, ನಡುವೆ ಎರಡೆರಡು ತಿಂಗಳು ಬಿಡಬೇಕು. ಬೆಳಗಾವಿಯಲ್ಲಿ ಪಿಕೋ ಎನ್ನುವ ಹೊಸದಿದೆ, ಐದಾರು ಸಲಕ್ಕೆ ಆಗಬಹುದು. ಆಗಬಹುದು, ಅಷ್ಟೇ. ಹಸಿರು ಬಣ್ಣ ಹಟಮಾರಿ, ನಮ್ಮಂಥ ಕಪ್ಪು ಮೈಗೆ ಅವಸರ ಮಾಡಿದರೆ ಕಲೆ ಉಳಿಯುತ್ತದಂತೆ. ನಿನ್ನ ಕಣಗಲಾದವರ ಗಡುವು ಯಾವ ಲೇಸರಿಗೂ ಗೊತ್ತಿಲ್ಲ! ನಾನು ಪಿಕೋ ಮಾಡಿಸುತ್ತೇನೆ, ಅರಭಾವಿ ಕಾಲೇಜಿನ ನನ್ನ ಪಗಾರದಲ್ಲಿ, ವರ್ಷವೇ ಹಿಡಿಯಲಿ. ಅಲ್ಲಿಯವರೆಗೆ ಯಾರೂ ನೋಡಲು ಬರುವುದು ಬೇಡ. ಬಂದರೆ ರವಿಕೆಯ ತೋಳು ಮೇಲೇರಿಸಿಕೊಂಡೇ ಚಹಾ ಕೊಡುತ್ತೇನೆ.

ಇನ್ನೊಂದು ಮಾತು, ಬರೆಯಲು ನಾಚಿಕೆ. ಹತ್ತನೆಯ ತರಗತಿಯವರೆಗೂ ಸ್ನಾನವಾದ ಮೇಲೆ ಮುಖಕ್ಕಿಂತ ಮೊದಲು ಆ ಹೆಸರಿಗೆ ಸ್ನೋ ಹಚ್ಚುತ್ತಿದ್ದೆ. ನೀನು ಚರ್ಮದ ಮೇಲಷ್ಟೇ ಬರೆಸಿದ್ದೆ ಅಂದುಕೊಂಡೆಯಾ? ಮಾವನ ಮದುವೆಯಲ್ಲಿ ಅಕ್ಷತೆ ಹಂಚಿದವಳೂ ನಾನೇ. ಹಚ್ಚೆ ಕಾಣದಿರಲೆಂದು ಉದ್ದ ತೋಳಿನ ರವಿಕೆ ಹೊಲಿಸಿ ಕೊಟ್ಟವಳು ನೀನು. ಅವತ್ತು ನೀನು ಒಮ್ಮೆಯೂ ನನ್ನ ಮುಖ ನೋಡಲಿಲ್ಲ.

ನೀನು ಹೆತ್ತ ಮಗಳು,
ಅನ್ನಪೂರ್ಣಾ

ತಾ.ಕ.: ದೀಪಾವಳಿಗೆ ನಿನಗೆ ಎಣ್ಣೆ ಹಚ್ಚುವಾಗ ನಿನ್ನ ಮುಂಗೈಯ ಹೂಬಳ್ಳಿಯ ಹಚ್ಚೆಯನ್ನು ಹತ್ತಿರದಿಂದ ನೋಡಿದೆ. ಅಷ್ಟು ದಟ್ಟ ಎಲೆಗಳ ಅಡಿಯಲ್ಲೂ 'ಕೇದಾರಿ' ಎಂಬ ಹೆಸರು ಕಾಣುತ್ತದೆ. ಅಪ್ಪನ ಹೆಸರು ಉದ್ದಪ್ಪ. ಆ ಹೆಸರು ಚುಚ್ಚುವಾಗ ನಿನ್ನ ಕೈ ಒತ್ತಿ ಹಿಡಿದವರು ಯಾರು ಅವ್ವ? ಆ ನೋವು ಗೊತ್ತಿದ್ದೂ ನನ್ನ ಕೈ ಹೇಗೆ ಹಿಡಿದೆ? ನನ್ನ ಸಿಟ್ಟು ಇಳಿದಿಲ್ಲ. ಆದರೂ ಮುಂದಿನ ಸೋಮವಾರಕ್ಕೆ ಬೆಳಗಾವಿಯ ಡಾಕ್ಟರ ಹತ್ತಿರ ಇಬ್ಬರ ಹೆಸರು ಬರೆಸಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬಾ.