ನಿಂತಲ್ಲೇ ಚಾಲೂ ಇಟ್ಟ ಸ್ಕೂಟರ್

ಭಾಲ್ಕಿ

ಹೈದರಾಬಾದಿನಲ್ಲಿ ದುಡಿಯುತ್ತಿರುವ ಯಜಮಾನರಿಗೆ ಶೇವಂತಾಳ ನಮಸ್ಕಾರಗಳು.

ನಿಮ್ಮ ಹಳೆಯ ಸ್ಕೂಟರಿಗೆ ಈ ತಿಂಗಳೂ ಖರ್ಚು ಬಂತು. ಕಾರ್ಬುರೇಟರನ್ನು ಪಂಢರಿ ಮಿಸ್ತ್ರಿ ಬೀದರಿನಿಂದ ತರಿಸಿದರು. “ನಿಂತಲ್ಲೇ ಚಾಲೂ ಇಟ್ರ ಇಂಜಿನ್ ಕೆಡ್ತದ ವೈನಿ. ಯಾರೂ ಹೊಡೀಲಾರದ ಗಾಡಿ ಯಾಕ ಬೇಕ್ರಿ, ಮಾರಿಬಿಡ್ರಿ” ಎಂದರು. ದಿನಾ ಸಂಜೆ ನಾನು ಚಾಲೂ ಮಾಡಿಡುವ ಅದರ ಸದ್ದು ಕೇಳಿ, ನಮ್ಮೂರು ಔರಾದ ಬಿಟ್ಟು ಬಂದ ನಮ್ಮನ್ನು ಅರಿಯದ ಈ ಓಣಿ ನೀವು ಮನೆಗೆ ಬಂದಿರೆಂದುಕೊಳ್ಳುತ್ತದೆ. ಅದನ್ನು ಮಿಸ್ತ್ರಿಗೆ ಹೇಳಲಿಲ್ಲ.

ಗಾಡಿ ರಿಪೇರಿಗೆ ಹೋದ ಮೇಲೆ, ನಿನ್ನೆ ಸಂಜೆ ಯಾರೋ ಬಾಗಿಲು ಬಡಿದು, “ಮನ್ಯಾಗ ಗಂಡಸರು ಅದಾರೇನ್ರಿ?” ಎಂದ. “ಜಳಕ ಮಾಡ್ಲಿಕತ್ತಾರ” ಎಂದುಬಿಟ್ಟೆ. ಈ ಬರದಲ್ಲಿ ಓಣಿಗೆ ನೀರಿನ ಟ್ಯಾಂಕರ್ ಬಾರದೆ ವಾರವಾಗಿದೆ. ಅವನು ನಕ್ಕ.

ರಿಪೇರಿಯ ಹಣ ಬೇಗ ಕಳಿಸಿ. ಗಾಡಿ ಇನ್ನೂ ಮಿಸ್ತ್ರಿಯ ಬಳಿಯೇ ಇದೆ.

ನಿಮ್ಮ
ಶೇವಂತಾ