‘ನಡೆಯುತ್ತಿದೆ’ ಎಂದ ಒಂಬತ್ತು ವರ್ಷ

ಚಳ್ಳಕೆರೆ, ೩೦ ಫೆಬ್ರವರಿ ೨೨೩೧

‘ಆಲಿಸು’ ಬಳಗದ ಮೊದಲ ಗೆಳೆಯರೇ,

ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲದವರಿಗೆ ಬರೆಯುವ ಓಲೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಅವಕಾಶ. ಜನ ಅದನ್ನು ಮುತ್ತಜ್ಜಿಗೆ ಮಗು ಹುಟ್ಟಿದ ಸುದ್ದಿ ತಿಳಿಸಲು ಇಟ್ಟುಕೊಳ್ಳುತ್ತಾರೆ. ನಾನು ನನ್ನ ತಪ್ಪು ಹೇಳಿಕೊಳ್ಳಲು ಖರ್ಚು ಮಾಡುತ್ತಿದ್ದೇನೆ.

ನೀವು ಶುರು ಮಾಡಿದ ಮುಕ್ತ ತಂತ್ರಾಂಶ ಇನ್ನೂ ಬದುಕಿದೆ. ಕಿವಿ ಮಂದವಾದವರು ಧರಿಸುವ ಕಿವಿಬೀಜ, ಜೋಳದ ಕಾಳಿನಷ್ಟು ಪುಟ್ಟ ಯಂತ್ರ, ಅದರಿಂದಲೇ ನಡೆಯುತ್ತದೆ. ನಿಮ್ಮ ‘ದೂರದ ಪಟ್ಟಿ’ಯೂ ಇದೆ. ತಕ್ಷಣಕ್ಕಾಗದ, ಎಂದಾದರೂ ಮಾಡಬೇಕಾದ ಕೆಲಸಗಳನ್ನು ಎಲ್ಲರೂ ಅಲ್ಲಿ ಹಂಚಿಕೊಳ್ಳುತ್ತೇವೆ. ಮಾಡುತ್ತೇನೆನ್ನುವವರು ಪಕ್ಕದಲ್ಲಿ ಹೆಸರು ಬರೆಯುತ್ತಾರೆ. ಹೆಸರಿದ್ದ ಕೆಲಸಕ್ಕೆ ಬೇರೆಯವರು ಕೈ ಹಾಕುವಂತಿಲ್ಲ ಎಂಬುದು ನಿಮ್ಮದೇ ನಿಯಮ. ಯುಗಾದಿಯ ದಿನ ಬೇವುಬೆಲ್ಲ ತಿಂದು, ಎಲ್ಲರೂ ಕೂತು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇವೆ. ಹೆಸರು ಬಂದವರು ಎದ್ದು ‘ನಡೆಯುತ್ತಿದೆ’ ಎನ್ನಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಏನು ನಡೆಯುತ್ತಿದೆ ಎಂದು ಕೇಳುವುದು ಅಸಭ್ಯತನ.

ಪಟ್ಟಿಯ ಹದಿನೇಳನೆಯದು, ಗದ್ದಲದ ನಡುವೆ ನಮಗೆ ಬೇಕಾದ ಒಬ್ಬರ ದನಿಯನ್ನಷ್ಟೇ ಹೆಕ್ಕಿ ಕೇಳಿಸುವ ಕೆಲಸ. ಅದನ್ನು ಬರೆದವರು ನಿಮ್ಮಲ್ಲೇ ಯಾರೋ. ಆಮೇಲೆ ಎಷ್ಟೋ ಜನ ಅದಕ್ಕೆ ಹೆಸರು ಬರೆದರು, ಸತ್ತ ಮೇಲೇ ಜಾಗ ಖಾಲಿ ಮಾಡಿದರು. ಒಂಬತ್ತು ವರ್ಷದ ಹಿಂದೆ ನಾನು ಬರೆದೆ. ಮೊದಲ ವರ್ಷ ನಿಜಕ್ಕೂ ದುಡಿದೆ. ಆಮೇಲೆ ಗಣಿತ ಕೈಕೊಟ್ಟಿತು. ನನ್ನಿಂದಾಗದು ಎನ್ನಲು ನಾಲಿಗೆ ಏಳಲಿಲ್ಲ. ಪ್ರತಿ ಯುಗಾದಿಗೂ ಎದ್ದೆ, ‘ನಡೆಯುತ್ತಿದೆ’ ಎಂದೆ, ಚಪ್ಪಾಳೆ ತೆಗೆದುಕೊಂಡು ಕೂತೆ. ಹೋಳಿಗೆಯನ್ನೂ ಬಿಡಲಿಲ್ಲ.

ಬೆಟಗೇರಿಯ ನೇಕಾರರ ಓಣಿಯಿಂದ ಗುರುಬಸವ್ವ ಎಂಬವರು ಪಟ್ಟಿಯಲ್ಲಿ ನನ್ನ ಹೆಸರು ನೋಡಿ ವರ್ಷಕ್ಕೆರಡು ಸಲ ಬರೆಯುತ್ತಿದ್ದರು. ಕೈಮಗ್ಗಗಳು ಇನ್ನೂ ಇವೆ, ಸಪ್ಪಳವೂ ಇದೆ. ಅವರಿಗೆ ಕಿವಿ ಮಂದ, ಜೊತೆಗಿದ್ದ ಅಕ್ಕನಿಗೆ ಗಂಟಲ ಕಾಯಿಲೆ. “ಅಣ್ಣಾರ, ಕೆಲ್ಸ ಎಲ್ಲಿಗೆ ಬಂತ್ರಿ? ಅಕ್ಕನ ದನಿ ದಿನಾ ಸಣ್ಣಗಾಗಾಕ ಹತ್ತೈತಿ” ಎಂದು ಕೇಳುತ್ತಿದ್ದರು. ನಾನು ಅವರಿಗೂ ಅದೇ ಒಂದು ಪದ ಬರೆದು ಕಳಿಸುತ್ತಿದ್ದೆ. ಕಳೆದ ಕಾರ್ತಿಕದಲ್ಲಿ ಕೊನೆಯ ಪತ್ರ ಬಂತು. “ಅಕ್ಕ ಹೋದ್ಳರಿ. ಕಡೀಕ ನನ್ನ ಕೈ ಹಿಡದು ಏನೋ ಅಂದ್ಳು, ಬಾಜೂಮನಿ ಮಗ್ಗದ ಸಪ್ಪಳದಾಗ ತಿಳೀಲಿಲ್ಲ. ಇನ್ನ ನಿಮಗ ತ್ರಾಸ ಕೊಡಂಗಿಲ್ರಿ.”

ಆ ಪತ್ರವನ್ನು ಬಳಗದ ಮುಂದಿಟ್ಟು, ನಾನು ಏನೂ ಮಾಡಿಲ್ಲ ಎಂದು ಒಪ್ಪಿಕೊಂಡೆ. ಮರುದಿನ ಬಳಗದವಳೇ ಆದ ರಾಯಚೂರಿನ ಮೆಹರುನ್ನಿಸಾ ಕರೆ ಮಾಡಿದಳು. ಆ ಕೆಲಸವನ್ನು ಅವಳು ಎರಡು ವರ್ಷದ ಹಿಂದೆಯೇ ಮುಗಿಸಿದ್ದಳಂತೆ. “ನಿಮ್ಮ ಹೆಸರಿತ್ತಲ್ಲ ಸರ್. ಹಂಚಿಕೊಂಡ್ರೆ ನಿಮಗೆ ಅವಮಾನ ಆಗುತ್ತೆ ಅಂತ ಸುಮ್ನಿದ್ದೆ” ಎಂದಳು. ಆಮೇಲೆ ಇಬ್ಬರೂ ಸೇರಿ ಮಗ್ಗದ ಸಪ್ಪಳದಲ್ಲೇ ಅದನ್ನು ಪರೀಕ್ಷೆ ಮಾಡಿದೆವು. ಪಿಸುಮಾತೂ ಸ್ವಚ್ಛವಾಗಿ ಕೇಳಿತು. ಅವಳು ನನ್ನ ಮರ್ಯಾದೆ ಕಾಯುತ್ತಿದ್ದಳು, ನಾನೂ ಅದನ್ನೇ ಕಾಯುತ್ತಿದ್ದೆ.

ಈ ಓಲೆ ನಿಮ್ಮ ಕೈ ಸೇರುವ ವಾರ ನೀವು ಪಟ್ಟಿಯ ನಿಯಮ ಬರೆಯಲು ಕೂತಿರುತ್ತೀರಿ ಎಂದು ಹಳೆಯ ದಾಖಲೆ ಹೇಳುತ್ತದೆ. ದಮ್ಮಯ್ಯ, ಒಂದು ಸಾಲು ಸೇರಿಸಿ: ವರ್ಷದೊಳಗೆ ಮಾಡಿದ್ದನ್ನು ತೋರಿಸದಿದ್ದರೆ ಹೆಸರು ತಾನಾಗಿ ಅಳಿಯಲಿ. ಅಳಿದರೆ ಅದು ಅವಮಾನವಲ್ಲ ಎಂದೂ ಬರೆಯಿರಿ. ಅದರಿಂದ ಇಲ್ಲಿ ಏನಾದರೂ ಬದಲಾದೀತೋ, ನನಗೆ ತಿಳಿಯದು.

ಬರುವ ಯುಗಾದಿಗೆ ಹದಿನೇಳನೆಯದು ಬಂದಾಗ ನಾನು ಎದ್ದು ಈ ಓಲೆಯನ್ನೇ ಓದುತ್ತೇನೆ. ಗುರುಬಸವ್ವನವರನ್ನು ಕರೆದಿದ್ದೇನೆ, ಬರುತ್ತೇನೆಂದಿದ್ದಾರೆ. ಮೆಹರುನ್ನಿಸಾಳ ತಂತ್ರಾಂಶ ಅವರ ಕಿವಿಬೀಜದಲ್ಲಿರುತ್ತದೆ. ಅಷ್ಟು ಜನರ ಗದ್ದಲದಲ್ಲಿ ಅವರಿಗೆ ಸ್ಪಷ್ಟವಾಗಿ ಕೇಳಿಸುವ ಮೊದಲ ದನಿ ನನ್ನದಾಗಿರುತ್ತದೆ. ಅದು ಅವರ ಅಕ್ಕನದಾಗಬೇಕಿತ್ತು.

ಇಂತು ತಲೆತಗ್ಗಿಸಿ,
ತಿಪ್ಪೇಶ